ಇಂಗ್ಲಿಷ್ ಮೂಲದ ಸ್ತ್ರೀವಾಚಕ ಪದಗಳು (ಕನ್ನಡದಲ್ಲಿ)

ಹೆಂಗಸರ ಉದ್ಯೋಗ, ಪದವಿ, ನಂಟುಗಳನ್ನು ಹೇಳಲು ಕನ್ನಡವು ಇಂಗ್ಲಿಷಿನಿಂದ ಪಡೆದ ನಾಮಪದಗಳು. ನರ್ಸ್, ಟೀಚರ್, ಮಿಸ್, ಮೇಡಂ, ಸಿಸ್ಟರ್, ಟೈಪಿಸ್ಟ್, ಹೀರೋಯಿನ್, ಆಂಟಿ ಮೊದಲಾದವು ಈ ಗುಂಪಿನವು. ಶಾಲೆ, ಆಸ್ಪತ್ರೆ, ಕಚೇರಿ, ಸಿನಿಮಾಗಳ ಮೂಲಕ ಹರಡಿದ ಈ ಪದಗಳಲ್ಲಿ, ಹೆಂಗಸರಿಗೆ ಯಾವ ಕೆಲಸ ದಕ್ಕಿತು, ಯಾವುದು ದಕ್ಕಲಿಲ್ಲ ಎಂಬ ಸಾಮಾಜಿಕ ಚರಿತ್ರೆಯೂ ಅಡಗಿದೆ. ಹಲವು ಭಾಷೆಗಳು ಒಟ್ಟಿಗೆ ಬಾಳಿದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ಚರಿತ್ರೆ ಸ್ಪಷ್ಟವಾಗಿ ಕಾಣುತ್ತದೆ.

ವ್ಯಾಕರಣದ ಹಿನ್ನೆಲೆ

ಕನ್ನಡದಲ್ಲಿ ಲಿಂಗವನ್ನು ನಿರ್ಧರಿಸುವುದು ಪದದ ಅರ್ಥ, ಅದರ ಕೊನೆಯ ಅಕ್ಷರವಲ್ಲ. ಗಂಡಸನ್ನು ಹೇಳುವ ಪದ ಪುಲ್ಲಿಂಗ, ಹೆಂಗಸನ್ನು ಹೇಳುವುದು ಸ್ತ್ರೀಲಿಂಗ, ಉಳಿದುದೆಲ್ಲ ನಪುಂಸಕ. ಸಂಸ್ಕೃತದಿಂದ ಬಂದ ಪದಗಳೂ ಈ ಕಟ್ಟಳೆಗೆ ಒಳಪಟ್ಟವು. ಸಂಸ್ಕೃತದಲ್ಲಿ ಸ್ತ್ರೀಲಿಂಗವಾದ ನದಿ, ಲತೆಗಳು ಕನ್ನಡದಲ್ಲಿ ನಪುಂಸಕವಾದವು. ಹೆಂಡತಿ ಎಂಬ ಅರ್ಥದ ‘ದಾರ’ ಸಂಸ್ಕೃತದಲ್ಲಿ ಪುಲ್ಲಿಂಗ, ‘ಕಳತ್ರ’ ನಪುಂಸಕ. ಕನ್ನಡದಲ್ಲಿ ಎರಡೂ ಸ್ತ್ರೀಲಿಂಗ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ನಾಮಪ್ರಕರಣದಲ್ಲಿ ಲಿಂಗವಿಚಾರವನ್ನು ಚರ್ಚಿಸಿದ್ದಾನೆ. ಇಂಗ್ಲಿಷ್ ಪದಗಳು ಬಂದಾಗ ಕನ್ನಡ ಹೊಸ ನಿಯಮ ಮಾಡಬೇಕಾಗಲಿಲ್ಲ. ಬಸ್ಸು, ರೈಲು ಬಂದವು, ನರ್ಸ್ ಬಂದಳು.

ಆದರೆ ಒಂದು ತೊಡಕಿದೆ. ಬಂದನು, ಬಂದಳು ಎಂಬ ವ್ಯತ್ಯಾಸ ಏಕವಚನದಲ್ಲಿ ಮಾತ್ರ ಉಂಟು. ಗೌರವದಿಂದ ‘ಡಾಕ್ಟರ್ ಬಂದರು’ ಎಂದಾಗ ಬಂದವರು ಹೆಂಗಸೋ ಗಂಡಸೋ ತಿಳಿಯುವುದಿಲ್ಲ. ಗೌರವವನ್ನು ಬಿಟ್ಟುಕೊಡದೆ ಹೆಣ್ಣೆಂದು ತಿಳಿಸುವ ಈ ಅಗತ್ಯವೇ ಹೊಸ ರೂಪಗಳನ್ನು ಹುಟ್ಟಿಸಿತು.

ರಚನೆಯ ಬಗೆಗಳು

ಹೆಚ್ಚು ಬಳಕೆಯಲ್ಲಿರುವುದು ‘ಅಮ್ಮ’ ಸೇರಿಸುವ ಬಗೆ: ಡಾಕ್ಟರಮ್ಮ, ಟೀಚರಮ್ಮ, ನರ್ಸಮ್ಮ, ಲಾಯರಮ್ಮ. ಕನ್ನಡದಲ್ಲಿ ಮೊದಲೇ ಇ, ತಿ, ಗಿತ್ತಿ, ಗಾರ್ತಿ ಎಂಬ ಸ್ತ್ರೀಪ್ರತ್ಯಯಗಳಿದ್ದವು. ಹುಡುಗಿ, ಗೆಳತಿ, ಹೂವಾಡಗಿತ್ತಿ, ಹಾಡುಗಾರ್ತಿ ಅವುಗಳ ಫಲ. ಇಂಗ್ಲಿಷ್ ಉದ್ಯೋಗನಾಮಗಳಿಗೆ ಇವು ನೇರವಾಗಿ ಅಂಟಲಿಲ್ಲ. ‘ಡಾಕ್ಟರಗಿತ್ತಿ’ ಎಂದು ಯಾರೂ ಅನ್ನುವುದಿಲ್ಲ. ‘ಗೌಡತಿ’ಯಂಥ ಪದ ಗೌಡನ ಹೆಂಡತಿಯನ್ನು ಸೂಚಿಸುತ್ತಿತ್ತು. ಓದಿ, ಸಂಬಳ ಪಡೆದು, ತನ್ನ ಹೆಸರಿನಲ್ಲೇ ದುಡಿಯುವ ಹೆಂಗಸಿಗೆ ಗೌರವ ಬೆರೆತ ‘ಅಮ್ಮ’ನೇ ಒಗ್ಗಿತು. ಹಳೆಯ ಪದಗಳು ಅಳಿದವೆಂದಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾಡು ಅವರನ್ನು ಆ ಪದದಿಂದಲೇ ಗುರುತಿಸಿತು.

ಎರಡನೆಯದು ಪದದ ಮುಂದೆ ‘ಲೇಡಿ’ ಅಥವಾ ‘ಮಹಿಳಾ’ ಇಡುವುದು: ಲೇಡಿ ಡಾಕ್ಟರ್, ಲೇಡಿ ಕಂಡಕ್ಟರ್, ಮಹಿಳಾ ಪೊಲೀಸ್. ಮೂರನೆಯದು ಇಂಗ್ಲಿಷಿನಲ್ಲೇ ಸ್ತ್ರೀವಾಚಕವಾದುದನ್ನು ಹಾಗೆಯೇ ಪಡೆಯುವುದು: ಹೀರೋಯಿನ್, ಮಿಸೆಸ್, ಮೇಡಂ. ಹಳೆ ಪ್ರತ್ಯಯಗಳನ್ನು ಬಳಸಿ ‘ಕ್ರಿಕೆಟ್ ಆಟಗಾರ್ತಿ’ಯಂಥ ಕೂಡುಪದ ಕಟ್ಟುವುದು ನಾಲ್ಕನೆಯದು. ಪತ್ರಿಕೆಗಳಲ್ಲಿ ನೆಲೆಯಾದ ‘ಗಗನಸಖಿ’ ಏರ್‌ಹೋಸ್ಟೆಸ್‌ಗೆ ಕಟ್ಟಿದ ಹೊಸ ಪದ.

ಚಿನ್ನದ ಗಣಿ ಪ್ರದೇಶ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಇಂಗ್ಲಿಷ್ ಪದಗಳು ದಿನಬಳಕೆಗೆ ಇಳಿದವು. ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಒಂದೇ ‘ಟೀಚರ್’ ಪದ ನಾಲ್ಕು ವ್ಯಾಕರಣಗಳಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳುತ್ತದೆ. ಕನ್ನಡ, ತಮಿಳುಗಳ ಏಕವಚನದಲ್ಲಿ ಹೆಣ್ಣಿಗೆ ಬೇರೆಯೇ ಕ್ರಿಯಾರೂಪವಿದೆ. ತೆಲುಗಿನಲ್ಲಿ ‘ಟೀಚರ್ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’. ಉರ್ದುವಿನಲ್ಲಿ ‘ಟೀಚರ್ ಆಯೀ’, ‘ಬಸ್ ಆಯೀ’. ಎರಡರಲ್ಲೂ ಟೀಚರಿಗೂ ಬಸ್ಸಿಗೂ ಒಂದೇ ಕ್ರಿಯಾಪದ, ಕಾರಣ ಮಾತ್ರ ಬೇರೆ. ತೆಲುಗಿನ ಏಕವಚನದಲ್ಲಿ ಹೆಂಗಸು ನಪುಂಸಕದ ಸಾಲಿಗೆ ಸೇರುತ್ತಾಳೆ. ಉರ್ದುವಿನಲ್ಲಿ ಜಡವಸ್ತುಗಳಿಗೂ ಗಂಡು-ಹೆಣ್ಣೆಂಬ ಭೇದ ಇರುವುದರಿಂದ ಬಸ್, ಕಾರ್, ಟ್ರೇನ್‌ಗಳೇ ಸ್ತ್ರೀಲಿಂಗವಾಗಿವೆ.

ನೆಲದ ಮೇಲಿನ ಶಾಲೆ, ಆಸ್ಪತ್ರೆಗಳು ಟೀಚರಮ್ಮ, ನರ್ಸಮ್ಮಂದಿರನ್ನು ಕೊಟ್ಟವು. ನೆಲದೊಳಗಿನ ಕೆಲಸಗಳ ಹೆಸರುಗಳಿಗೆ ಸ್ತ್ರೀರೂಪ ಹುಟ್ಟಲಿಲ್ಲ. 1952ರ ಗಣಿ ಕಾಯ್ದೆಯ 46ನೆಯ ಕಲಂ ಹೆಂಗಸರು ಭೂಮಿಯೊಳಗೆ ದುಡಿಯುವುದನ್ನು ನಿಷೇಧಿಸಿತ್ತು. ತಾಂತ್ರಿಕ, ಮೇಲ್ವಿಚಾರಣೆ, ಆಡಳಿತ ಹುದ್ದೆಗಳಿಗೆ 2019ರಲ್ಲಿ ವಿನಾಯಿತಿ ಸಿಗುವ ಹೊತ್ತಿಗೆ ಕೋಲಾರದ ಗಣಿಗಳು ಮುಚ್ಚಿ (2001) ಹದಿನೆಂಟು ವರ್ಷ ಕಳೆದಿತ್ತು. ಗಣಿಯ ಬದುಕು ಮುಗಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಹೆಂಗಸರೊಂದಿಗೆ ಗಾರ್ಮೆಂಟ್ಸ್, ಆಫೀಸುಗಳ ಪದಗಳೂ ಮನೆ ಸೇರಿದವು.

ಪೋಲಿಷ್ ಭಾಷೆಯೊಂದಿಗೆ ಹೋಲಿಕೆ

ಕನ್ನಡಕ್ಕಿಂತ ಭಿನ್ನವಾಗಿ, ಪೋಲಿಷಿನಲ್ಲಿ ಪದದ ಅಂತ್ಯವೇ ಬಹುಮಟ್ಟಿಗೆ ಲಿಂಗವನ್ನು ಸೂಚಿಸುವುದರಿಂದ ಎರವಲು ಪದಕ್ಕೆ ‘ಕಾ’ ಪ್ರತ್ಯಯ ಸೇರಿ ‘ಬ್ಲಾಗೆರ್ಕಾ’, ‘ಮೆನೆಜೆರ್ಕಾ’ದಂಥ ಸ್ತ್ರೀರೂಪಗಳು ಹುಟ್ಟುತ್ತವೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಉನ್ನತ ಹುದ್ದೆಗಳಿಗೆ ಪುಲ್ಲಿಂಗ ಪದದ ಮುಂದೆ ಗೌರವಸೂಚಕ ‘ಪಾನಿ’ ಇಡುವ ರೂಢಿ ಬಲಗೊಂಡಿತು. ‘ಪಾನಿ ಡಾಕ್ಟರ್’ ಮತ್ತು ನಮ್ಮ ‘ಡಾಕ್ಟರಮ್ಮ’ ಒಂದೇ ಅಗತ್ಯದಿಂದ ಮೂಡಿದವು. ಸ್ತ್ರೀರೂಪಗಳ ಬಗ್ಗೆ ಅಲ್ಲಿ ತೀವ್ರ ಚರ್ಚೆ ನಡೆದು, ಅವುಗಳಿಗೆ ಭಾಷೆಯಲ್ಲಿ ಪೂರ್ಣ ಅವಕಾಶವಿದೆ, ಬಳಕೆ ಮಾತ್ರ ಕಡ್ಡಾಯವಲ್ಲ ಎಂದು ಪೋಲಿಷ್ ಭಾಷಾ ಮಂಡಳಿ 2019ರ ನವೆಂಬರಿನಲ್ಲಿ ಹೇಳಿತು.

ಇತ್ತೀಚಿನ ಬೆಳವಣಿಗೆ

ಮಹಿಳೆಯರಿಗೆ ಶೇ. 25 ಮೀಸಲಾತಿ ಕೊಟ್ಟ ಕರ್ನಾಟಕದ 1983ರ ಪಂಚಾಯತಿ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದ ಮೇಲೆ ‘ಮೆಂಬರ್’ ಎಂಬ ಪದ ಹಳ್ಳಿಯ ಹೆಂಗಸರಿಗೂ ಸಂದಿತು. ಆರೋಗ್ಯ ಕಾರ್ಯಕರ್ತೆಯರ ಹೆಸರಾಗಿ 2005ರಲ್ಲಿ ಬಂದ ‘ಆಶಾ’ ಇನ್ನೂ ವಿಶಿಷ್ಟ. ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದಾದ ಇದು ನಮ್ಮ ಹೆಣ್ಣುಮಕ್ಕಳ ಹೆಸರೂ ಆಗಿದ್ದುದರಿಂದ ‘ಆಶಾ ಕಾರ್ಯಕರ್ತೆ’ ಎಂದು ಸಲೀಸಾಗಿ ಒಳಗೆ ಬಂತು.

ಟೀಚರ್, ನರ್ಸ್ ಎಂಬಲ್ಲಿ ಈಗ ‘ಲೇಡಿ’ ಬೇಕಾಗುವುದಿಲ್ಲ. ಡಾಕ್ಟರ್, ಎಂಜಿನಿಯರ್‌ಗಳಲ್ಲೂ ಅದು ಕಡಿಮೆಯಾಗುತ್ತಿದೆ. ಕಂಡಕ್ಟರ್, ಪೊಲೀಸ್‌ಗಳಲ್ಲಿ ಉಳಿದಿದೆ. ಒಂದು ಕೆಲಸದಲ್ಲಿ ಹೆಂಗಸರು ಹೆಚ್ಚಿದಂತೆ ಆ ವಿಶೇಷಣ ಉದುರುವುದು ಈ ಪದಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ನಿಘಂಟುಗಳು ಇಂಥ ಆಡುರೂಪಗಳನ್ನು ಬಳಕೆಯ ಕಾಲ, ಸ್ಥಳಗಳೊಂದಿಗೆ ದಾಖಲಿಸುವುದು ಅಗತ್ಯ, ಏಕೆಂದರೆ ಹೆಂಗಸರ ದುಡಿಮೆಯ ಚರಿತ್ರೆಗೆ ಇವೂ ಆಧಾರ.