ಮನೆ ಇಲ್ಲದ ಗಿಟಾರು

"ಇದಕ್ಕ ಮನೀನೇ ಇಲ್ಲಲ್ಲೋ ತಮ್ಮಾ! ಕೈ ಎಲ್ಲಿ ಇಡ್ಬೇಕಂತ ಹ್ಯಾಂಗ್ ಗೊತ್ತಾಗ್ತದ?"

ಹೋದ ಶ್ರಾವಣದಲ್ಲಿ ಊರಿಗೆ ಹೋದಾಗ ನನ್ನ ಬೇಸ್ ಗಿಟಾರಿನ ಕತ್ತಿನ ಮೇಲೆ ಬೆರಳಾಡಿಸಿ ಮುತ್ಯಾ ಕೇಳಿದ ಪ್ರಶ್ನೆ ಇದು. ಮನೆ ಅಂದರೆ ಸ್ವರದ ಮನೆ, ಹಾರ್ಮೋನಿಯಂ ನುಡಿಸುವವರ ಮಾತು. ಗಿಟಾರಿನಲ್ಲಿ ಆ ಮನೆಗಳನ್ನು ಗುರುತಿಸೋದು ಕತ್ತಿಗೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳು. ನಾವು ಫ್ರೆಟ್ ಅಂತೀವಿ, ವೀಣೆಯವರು ಮೆಟ್ಟು ಅಂತಾರೆ. ನನ್ನ ಬೇಸಿನಲ್ಲಿ ಅವಿಲ್ಲ. ಬರೀ ನುಣುಪು ಮರ. ಫ್ರೆಟ್‌ಲೆಸ್.

ಬೇಸ್ ಗಿಟಾರ್ ಗೊತ್ತಿಲ್ಲ ಅನ್ನೋರು 'ಪಲ್ಲವಿ ಅನುಪಲ್ಲವಿ' (1983) ಚಿತ್ರದ ಹಾಡುಗಳನ್ನು ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ಕೇಳಿ. ದನಿಯ ಕೆಳಗೆ, ತಬಲಾ ಡ್ರಮ್‌ಗಳ ಪಕ್ಕದಲ್ಲಿ, ಇನ್ನೊಂದು ರಾಗ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಇಳಯರಾಜಾ ಅದನ್ನು ಹಾಡಿನಷ್ಟೇ ಪ್ರೀತಿಯಿಂದ ಬರೆದವರು. ನಾಲ್ಕು ದಪ್ಪ ತಂತಿ, ಕಡೆಯ ತಂತಿಯ ಕಂಪನ ಸೆಕೆಂಡಿಗೆ ಬರೀ 41. ಇದ್ದಾಗ ಯಾರಿಗೂ ಗೊತ್ತಾಗಲ್ಲ, ತೆಗೆದರೆ ಹಾಡು ನೆಲ ಕಳಕೊಂಡ ಹಾಗಾಗುತ್ತೆ.

ಫ್ರೆಟ್‌ಲೆಸ್ ತಗೊಂಡಿದ್ದಕ್ಕೆ ನಾನು ಸಾಕಷ್ಟು ಬೈಸಿಕೊಂಡಿದ್ದೇನೆ. ಬೆಂಗಳೂರಿನ ಒಂದು ಪಬ್ಬಿನಲ್ಲಿ ನಮ್ಮ ಆಫೀಸ್ ಬ್ಯಾಂಡ್ ನುಡಿಸಿದ ಸಂಜೆ ಇಡೀ ಎರಡನೇ ಹಾಡು ಕೂದಲೆಳೆಯಷ್ಟು ಕೆಳಗೆ ನುಡಿಸಿದೆ. ಕೇಳುವವರಿಗೆ ಗೊತ್ತಾಯಿತೋ ಇಲ್ಲವೋ, ಗಿಟಾರಿನ ಗೆಳೆಯನಿಗೆ ಗೊತ್ತಾಯಿತು. "ಮಾರಿಬಿಡು ಮಾರಾಯ, ಫ್ರೆಟ್ ಇರೋದು ತಗೋ" ಅಂದ. ಅವನ ಮಾತಿನಲ್ಲಿ ಅನ್ಯಾಯವೇನಿಲ್ಲ. ತಪ್ಪಾಗೋದಕ್ಕೆ ಇಷ್ಟೊಂದು ಜಾಗ ಕೊಡೋ ವಾದ್ಯವನ್ನು ಯಾರಾದರೂ ಬೇಕೂಂತ ಯಾಕೆ ಆರಿಸಿಕೊಳ್ಳಬೇಕು? ಅದನ್ನು ತಿಳಿಯೋಣ ಅಂತಲೇ ಇದರ ಇತಿಹಾಸಕ್ಕೆ ಕೈಹಾಕಿದೆ.

ಮೊದಲಿದ್ದದ್ದು ಡಬಲ್ ಬೇಸ್. ಆಳೆತ್ತರದ ಪಿಟೀಲು, ನಿಂತು ನುಡಿಸಬೇಕು, ಮೆಟ್ಟಿಲ್ಲ. ಸಾಗಿಸೋದು ಕಷ್ಟ, ಡ್ರಮ್‌ಗಳ ಗದ್ದಲದಲ್ಲಿ ಕೇಳಿಸೋದಿಲ್ಲ, ಶ್ರುತಿ ಹಿಡಿಯೋಕೆ ವರ್ಷಗಟ್ಟಲೆ ಸಾಧನೆ ಬೇಕು. 1951ರಲ್ಲಿ ಕ್ಯಾಲಿಫೋರ್ನಿಯಾದ ರೇಡಿಯೋ ರಿಪೇರಿಯವನು ಲಿಯೋ ಫೆಂಡರ್ ಹೆಗಲಿಗೆ ನೇತುಹಾಕುವ ಎಲೆಕ್ಟ್ರಿಕ್ ಬೇಸ್ ಮಾರುಕಟ್ಟೆಗೆ ತಂದ. ಅದಕ್ಕೆ ಫ್ರೆಟ್ ಕೂರಿಸಿ ಇಟ್ಟ ಹೆಸರು 'ಪ್ರಿಸಿಷನ್ ಬೇಸ್'. ಬೆರಳು ಎಲ್ಲಿಟ್ಟರೂ ಸ್ವರ ಕರಾರುವಾಕ್ಕು! ಗಿಟಾರ್ ಬಲ್ಲ ಯಾರು ಬೇಕಾದರೂ ವಾರದಲ್ಲಿ ಬೇಸ್ ನುಡಿಸುವಂತಾಯಿತು. ಸುಲಭ ಮಾಡಿಕೊಟ್ಟವನನ್ನು ಹೀಯಾಳಿಸೋದು ಸರಿಯಲ್ಲ, ನಾನು ಕಲಿತದ್ದೂ ಅಂಥದ್ದರಲ್ಲೇ.

ಹತ್ತೇ ವರ್ಷ. 1961ರಲ್ಲಿ ಇಂಗ್ಲೆಂಡಿನಲ್ಲಿ ಬಿಲ್ ವೈಮನ್, ಮುಂದೆ ರೋಲಿಂಗ್ ಸ್ಟೋನ್ಸ್ ಸೇರಿದವನು, ತನ್ನ ಅಗ್ಗದ ಬೇಸಿನ ಸವೆದ ಫ್ರೆಟ್‌ಗಳನ್ನು ಕಿತ್ತ. ಹೊಸದು ಹಾಕೋಣ ಅಂತ ಕಿತ್ತದ್ದು. ಆದರೆ ಹಾಗೇ ನುಡಿಸಿ ನೋಡಿದರೆ ನಾದ ಹಿತವಾಗಿತ್ತು, ಮತ್ತೆ ಹಾಕಲೇ ಇಲ್ಲ. 1966ರಲ್ಲಿ ಆಂಪೆಗ್ ಕಂಪನಿ ಕಾರ್ಖಾನೆಯಲ್ಲೇ ಫ್ರೆಟ್‌ಲೆಸ್ ಮಾಡಿತು. ಆಮೇಲೆ ಬಂದವನು ಫ್ಲಾರಿಡಾದ ಜಾಕೋ ಪ್ಯಾಸ್ಟೋರಿಯಸ್. 1962ರ ಒಂದು ಜಾಜ್ ಬೇಸಿನ ಫ್ರೆಟ್‌ಗಳನ್ನು ಕಿತ್ತು, ಸಂದುಗಳಿಗೆ ಮರದ ಲಪ್ಪ ತುಂಬಿ, ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದ. ಸಮುದ್ರದ ಊರಿನವನಿಗೆ ಕೈಗೆ ಸಿಕ್ಕಿದ್ದು ಅದೇ ಇರಬೇಕು! 1976ರಲ್ಲಿ ಅವನ ಮೊದಲ ಆಲ್ಬಮ್ ಬಂತು. ಬೇಸ್ ಅನ್ನೋದು ಹಿಂದೆ ನಿಲ್ಲೋ ವಾದ್ಯ ಅಂತ ಒಪ್ಪಿಕೊಂಡು ಕೂತಿದ್ದವರೆಲ್ಲ ಎದ್ದು ಕೂತರು, ಯಾಕಂದರೆ ಅದು ಹಾಡುತ್ತಿತ್ತು. ಆ ಬೇಸ್ 1986ರಲ್ಲಿ ಕಳುವಾಯಿತು. ಮರುವರ್ಷ ಜಾಕೋ ತೀರಿಕೊಂಡ, 35ನೇ ವಯಸ್ಸಿಗೆ.

ಇಷ್ಟು ಓದಿದ ಮೇಲೆ ನಮ್ಮವರು ಕೊಡುವ ಉತ್ತರ ಸಿದ್ಧವಾಗಿರುತ್ತೆ: "ಗಮಕ ಸ್ವಾಮಿ! ಮೀಂಡ್! ಮೆಟ್ಟಿದ್ದರೆ ಜಾರೋದು ಹೇಗೆ? ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು." ನಾನೂ ಹಾಗೇ ಬರೆಯಲು ಹೊರಟಿದ್ದೆ. ಬರೆಯೋಕೆ ನನಗಿಂತ ಹಕ್ಕಿರೋರು ಯಾರು? ನಮ್ಮೂರು ನಾರಾಯಣಪುರ, ಬಸವಕಲ್ಯಾಣದ ಮಗ್ಗುಲಲ್ಲೇ. ಊರೊಳಗೆ ಚಾಲುಕ್ಯರ ಕಾಲದ ಶಿವಾಲಯ. ಕಲ್ಯಾಣದಲ್ಲಿ ಆಳಿದ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ 'ಮಾನಸೋಲ್ಲಾಸ' ಬರೆಸಿದ. ಅಡುಗೆ, ಆನೆ, ಆಟಗಳ ಜೊತೆ ಹಾಡಿಗೂ ವಾದ್ಯಕ್ಕೂ ಅದರಲ್ಲಿ ಜಾಗವುಂಟು. ಅವನ ಮಗ ಜಗದೇಕಮಲ್ಲ ಇನ್ನೂ ಮುಂದೆ ಹೋಗಿ 'ಸಂಗೀತ ಚೂಡಾಮಣಿ' ಅಂತ ಸಂಗೀತಕ್ಕೇ ಒಂದು ಗ್ರಂಥ ಮೀಸಲಿಟ್ಟ. ಅದಾಗಿ ಸ್ವಲ್ಪ ಕಾಲಕ್ಕೆ ಅದೇ ಕಲ್ಯಾಣದಲ್ಲಿ ಶರಣ ಕಿನ್ನರಿ ಬೊಮ್ಮಯ್ಯ, ಹೆಸರಿನಲ್ಲೇ ವಾದ್ಯ ಹೊತ್ತವನು, ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸುತ್ತಿದ್ದ. (ಉಳ್ಳಾಗಡ್ಡಿ ವಾಸನೆಗೆ ಬಸವಣ್ಣನವರು ಮೂಗು ಮುರಿದರೆಂದು ಮುನಿಸಿಕೊಂಡು ಎದ್ದುಹೋದವನೂ ಇವನೇ. ಸಂಗೀತಗಾರರ ಸಿಟ್ಟು ಎಂಟುನೂರು ವರ್ಷದ ಹಿಂದೆಯೂ ಹೀಗೇ ಇತ್ತು.)

ಆದರೆ ಕಿನ್ನರಿಯ ಬಗ್ಗೆ ಓದಿದಾಗ ನನ್ನ ಲೇಖನ ತಲೆಕೆಳಗಾಯಿತು. 13ನೇ ಶತಮಾನದಲ್ಲಿ, ನಮ್ಮಿಂದ ದೂರವಲ್ಲದ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ವರ್ಣಿಸುವ ಕಿನ್ನರಿಗೆ ಮೆಟ್ಟುಗಳಿವೆ! ಹದ್ದಿನ ಎಲುಬಿನ ಮೆಟ್ಟು, ಮೇಣ ಹಾಕಿ ಕೂರಿಸಿದ್ದು. ಅಂದರೆ ನಮ್ಮ ಸೀಮೆಯ ಹೆಮ್ಮೆಯ ವಾದ್ಯ ಫೆಂಡರ್‌ನ ಪಕ್ಷ, ನನ್ನ ಪಕ್ಷವಲ್ಲ. ಗಮಕವೂ ಅಷ್ಟೇ. ವೀಣೆಯವರು 24 ಮೆಟ್ಟಿಟ್ಟುಕೊಂಡೇ ತಂತಿ ಎಳೆದು ಬೇಕಾದಷ್ಟು ಗಮಕ ತೆಗೀತಾರೆ. ಸಿತಾರಿನವರೂ ತೆಗೀತಾರೆ. ಮೆಟ್ಟು ಕೀಳಬೇಕಾದ ಅಗತ್ಯವೇನೂ ಇರಲಿಲ್ಲ. "ನಮ್ಮಲ್ಲಿ ಮೊದಲೇ ಇತ್ತು" ಅನ್ನೋ ಪ್ಯಾರಾ ಅಳಿಸಿದೆ, ಹೊಟ್ಟೆ ಉರೀತು.

ಹಾಗಾದರೆ ಸೆಳೆತ ಎಲ್ಲಿಂದ? ಒಂದು ಕಾರಣ ನಾದದ್ದು. ಫ್ರೆಟ್ ಇದ್ದರೆ ತಂತಿ ಲೋಹದ ಅಂಚಿಗೆ ತಾಗಿ ಚೂಪಾಗಿ ಮೊಳಗುತ್ತೆ. ಇಲ್ಲದಿದ್ದರೆ ಅದು ಬೆರಳಿಗೂ ಮರಕ್ಕೂ ನಡುವೆ ಮರವನ್ನು ಹಗುರಾಗಿ ಸವರುತ್ತಾ ಕಂಪಿಸುತ್ತೆ, ಮೊದಲು ಮೆತ್ತಗೆ, ಆಮೇಲೆ ಅರಳಿದಂತೆ. ಬೇಸಿನವರು ಆ ಸದ್ದನ್ನು "ಮ್ವಾ" ಅಂತ ಬಾಯಲ್ಲೇ ಮಾಡಿ ತೋರಿಸ್ತಾರೆ. ಇದಕ್ಕೆ ನಮ್ಮಲ್ಲಿ ಒಂದು ಸೋದರಸಂಬಂಧಿ ಇದೆ. ತಂಬೂರಿಯ ಅಗಲ ಕುದುರೆಯ ಮೇಲೆ ತಂತಿ ಸವರಿಕೊಂಡು ಝೇಂಕರಿಸುತ್ತಲ್ಲ, ಅದರಡಿ ದಾರ ಇಟ್ಟು ಹದ ಮಾಡ್ತಾರಲ್ಲ, ಅದೇ ಜವಾರಿ. ತಂತಿ ಏನನ್ನೋ ಬಿಟ್ಟೂ ಬಿಡದೆ ಮುಟ್ಟುವುದರಿಂದಲೇ ಎರಡೂ ಕಡೆ ನಾದ ಜೀವ ತಳೆಯೋದು. (ನಮ್ಮ ಕಡೆ ಕೋಳಿಯೂ ಜವಾರಿ, ಬದನೆಯೂ ಜವಾರಿ. ಆ ಪದ ಬೇರೆ, ಆದರೆ ಕೇಳಿದಾಗೆಲ್ಲ ನಗು ಬರುತ್ತೆ.)

ಇನ್ನೊಂದು ಕಾರಣ ಅಳತೆಯದ್ದು. ಬೇಸಿನ ತಂತಿ 34 ಇಂಚು ಉದ್ದ. ತಲೆಯ ಹತ್ತಿರ ಅರ್ಧ ಸ್ವರಕ್ಕೂ ಅರ್ಧ ಸ್ವರಕ್ಕೂ ಸುಮಾರು 48 ಮಿಲಿಮೀಟರ್ ಅಂತರ, ನಡುವಿಗೆ ಬಂದರೂ 26. ಪಿಟೀಲಿನಲ್ಲಿ ಬೆರಳ ತುದಿ ಒಂಚೂರು ಸರಿದರೆ ಕಿವಿ ಚುಚ್ಚುತ್ತೆ. ಬೇಸಿನಲ್ಲಿ ಸ್ವರಗಳ ನಡುವೆ ಅಂಗಳವೇ ಇದೆ, ನಿಧಾನವಾಗಿ ನಡೆದುಹೋಗಬಹುದು. ತಪ್ಪಿದರೆ ತಿದ್ದಿಕೊಳ್ಳೋಕೂ ಸಮಯ ಸಿಗುತ್ತೆ, ಪಬ್ಬಿನಲ್ಲಿ ನಾನು ತಿದ್ದಿಕೊಳ್ಳಲಿಲ್ಲ ಅಷ್ಟೇ. ಅವತ್ತು ನಾನು ನೋಡ್ತಿದ್ದದ್ದು ನನ್ನ ಬೆರಳನ್ನು, ಕೇಳ್ತಿದ್ದದ್ದು ಯಾರನ್ನೂ ಅಲ್ಲ.

ಇದು ನನಗೆ ಗೊತ್ತಾಗಿದ್ದು ಊರಿನಲ್ಲಿ. ಮುತ್ಯಾ ಐವತ್ತು ವರ್ಷದಿಂದ ಏಕತಾರಿ ಹಿಡಿದು ಭಜನೆ, ತತ್ವಪದ ಹೇಳಿಕೊಂಡು ಬಂದವರು. ಈಗ ಎಂಬತ್ತು ದಾಟಿದೆ. ಎರಡು ವರ್ಷದಿಂದ ದನಿ ಪದದ ಮಧ್ಯೆ ಕುಸಿಯುತ್ತೆ, ಎತ್ತಿಕೊಂಡ ಶ್ರುತಿಯಲ್ಲಿ ಮುಗಿಸೋಕಾಗಲ್ಲ. ಪೇಟಿಯವರು ಪಾಪ ಏನು ಮಾಡ್ತಾರೆ? ಹಾರ್ಮೋನಿಯಂನ ಮನೆಗಳು ಕೂತಲ್ಲೇ ಕೂತಿರ್ತವೆ, ಎರಡು ಮನೆ ನಡುವೆ ಬಿದ್ದ ದನಿಗೆ ಅಲ್ಲಿ ಜಾಗವಿಲ್ಲ. ಹುಡುಗರು ಮುಸಿಮುಸಿ ನಕ್ಕರಂತೆ. ಮುತ್ಯಾ ಏಕತಾರಿಯನ್ನು ಗೂಟಕ್ಕೆ ಹಾಕಿಬಿಟ್ಟಿದ್ದರು. ಅವ್ವ ಫೋನಿನಲ್ಲಿ ಹೇಳಿದ್ದಳು, ನಾನು ಮೀಟಿಂಗಿನಲ್ಲಿದ್ದೆ, ಹೂಂ ಅಂದು ಇಟ್ಟಿದ್ದೆ.

ಆ ಸಂಜೆ ಮನೆಯ ಪಡಸಾಲೆಯಲ್ಲಿ ಸಣ್ಣ ಆಂಪ್ಲಿಫೈಯರ್ ಹಚ್ಚಿ ಕೂತೆ. "ಒಂದು ಪದ ಹೇಳ್ರಿ ಮುತ್ಯಾ" ಅಂದೆ. "ದನಿ ಇಲ್ಲೋ" ಅಂದರು. ಒಲ್ಲೆ ಅಂತಲೇ ಏಕತಾರಿ ಇಳಿಸಿಕೊಂಡರು. ಅವರ ತಂತಿ ನನ್ನ ಟ್ಯೂನರ್ ಆ್ಯಪಿನ ಯಾವ ಸ್ವರಕ್ಕೂ ಸರಿಹೋಗಲಿಲ್ಲ, ಎರಡರ ನಡುವೆ ಎಲ್ಲೋ ಇತ್ತು. ಫೋನ್ ಬದಿಗಿಟ್ಟು ಬೆರಳನ್ನು ಅಲ್ಲಿಗೇ ಜಾರಿಸಿದೆ. ಎರಡನೇ ನುಡಿಗೆ ದನಿ ಇಳೀತು. ನಾನೂ ಒಂದಿಷ್ಟು ಇಳಿದೆ. ಅವರು ನನ್ನ ಕಡೆ ನೋಡಿದರು, ಏಕತಾರಿಯ ಮೇಲೆ ಅಂಗೈ ಇಟ್ಟು ತಂತಿ ನಿಲ್ಲಿಸಿದರು. ಬೇಸ್ ಒಂದೇ ಉಳೀತು. ಕಣ್ಣು ಮುಚ್ಚಿ ಮೂರನೇ ನುಡಿ ಎತ್ತಿಕೊಂಡರು.

ಮುಗಿದ ಮೇಲೆ ನನ್ನ ಗಿಟಾರಿನ ಕತ್ತನ್ನು ಇನ್ನೊಮ್ಮೆ ಸವರಿ, "ನಾಳೆ ಗುಡಿಗೆ ಇದನ್ನ ತಗೊಂಡ್ ಬಾ. ಕರೆಂಟ್ ಅದ ಅಲ್ಲಿ" ಅಂದರು.