ಅಸ್ಥಿಸ್ನಾಯು
ಸ್ನಾಯುರಜ್ಜುಗಳ ಮೂಲಕ ಮೂಳೆಗಳಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ದೇಹವನ್ನು ಚಲನೆಗೊಳಿಸುವ ಅಂಗಾಂಶ. ಮಾನವ ದೇಹದಲ್ಲಿ ಇಂಥ ಸ್ನಾಯುಗಳು 600ಕ್ಕೂ ಹೆಚ್ಚಿವೆ. ಇವು ಮೂಳೆಯನ್ನು ಎಳೆಯಬಲ್ಲವೇ ಹೊರತು ತಳ್ಳಲಾರವು. ಸ್ನಾಯುವಿನೊಳಗಿನ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ತಂತುಗಳು ಪರಸ್ಪರ ಜಾರುವುದರಿಂದಲೇ ಸ್ನಾಯು ಗಿಡ್ಡವಾಗುತ್ತದೆಂದು 1954ರಲ್ಲಿ ಎರಡು ಸಂಶೋಧಕ ತಂಡಗಳು ಪ್ರತ್ಯೇಕವಾಗಿ ಪ್ರತಿಪಾದಿಸಿದವು. ಸ್ನಾಯು ತಳ್ಳಲಾರದೆಂದರೆ, ಗರಡಿಮನೆಯಲ್ಲಿ ದಂಡ ಹೊಡೆಯುವಾಗ ಕೈಗಳು ನೆಲವನ್ನು ತಳ್ಳುವುದಿಲ್ಲವೇ ಎಂಬ ಆಕ್ಷೇಪ ಸಹಜ. ಅಲ್ಲಿಯೂ ಸ್ನಾಯು ಮಾಡುವುದು ಎಳೆತವನ್ನೇ: ತೋಳಿನ ಹಿಂಬದಿಯ ಟ್ರೈಸೆಪ್ಸ್ ಮೊಣಕೈ ತುದಿಯ ಮೂಳೆಯನ್ನು ಎಳೆದಾಗ ಮಡಿಸಿದ ಕೈ ನೆಟ್ಟಗಾಗಿ ಮೈ ಮೇಲೇಳುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿ ಬಿಡದೆ ಉದ್ದವಾಗುತ್ತಾ ಇಳಿತವನ್ನು ನಿಧಾನಗೊಳಿಸುತ್ತದೆ. ಕೈಯನ್ನು ಮಡಿಸುವ ಕೆಲಸ ಮುಂಬದಿಯ ಬೈಸೆಪ್ಸ್‌ನದು. ಒಂದು ಸ್ನಾಯು ಎಳೆದದ್ದನ್ನು ಮರಳಿಸಲು ಎದುರು ಸ್ನಾಯು ಬೇಕಾದ್ದರಿಂದ, ವ್ಯಾಯಾಮವು ಎರಡೂ ಬದಿಗಳನ್ನು ಬಲಪಡಿಸಬೇಕು.