ತೆರೆಯಿಂದ ಮನೆಯ ಪಿಯಾನೋಗೆ

ಚಿತ್ರಮಂದಿರದಲ್ಲಿ ಕೇಳಿದ ರಾಗವನ್ನು ಮನೆಗೆ ಬಂದು ಹಾರ್ಮೋನಿಯಂನಲ್ಲಿ ಹುಡುಕಿದವರು ನಿಮ್ಮಲ್ಲೂ ಇರಬಹುದು. ಬ್ರಿಟನ್ನಿನಲ್ಲಿ ಆ ಹುಡುಕಾಟ ಪಿಯಾನೋದ ಮೇಲೆ ನಡೆಯುತ್ತಿತ್ತು. 1941ರ ‘ಡೇಂಜರಸ್ ಮೂನ್‌ಲೈಟ್’ ಚಿತ್ರದ ನಾಯಕ ಪೋಲೆಂಡಿನ ಪಿಯಾನೋ ವಾದಕ, ಯುದ್ಧವಿಮಾನದ ಚಾಲಕನೂ ಹೌದು. ಅದಕ್ಕಾಗಿ ರಿಚರ್ಡ್ ಆಡಿನ್‌ಸೆಲ್ ಅವರು ರಖ್ಮಾನಿನೊಫ್ ಶೈಲಿಯಲ್ಲಿ ‘ವಾರ್ಸಾ ಕಾನ್ಸರ್ಟೋ’ ರಚಿಸಿದರು. ವಾದ್ಯವೃಂದಕ್ಕೆ ಅಳವಡಿಸಿದವರು ರಾಯ್ ಡಗ್ಲಸ್. ಪಿಯಾನೋ ನುಡಿಸಿದ ಲೂಯಿ ಕೆಂಟ್ನರ್ ಅವರ ಹೆಸರು ತೆರೆಯ ಮೇಲೆ ಬರಲೇ ಇಲ್ಲ! ಸುಮಾರು 9 ನಿಮಿಷಗಳ ಈ ಕೃತಿಗೆ ಜನ ಮುಗಿಬಿದ್ದರು. ಧ್ವನಿಮುದ್ರಿಕೆ ಬಂತು, ಪಿಯಾನೋ ಒಂದಕ್ಕೇ ಇಳಿಸಿದ ಸ್ವರಲಿಪಿಯೂ ಬಂತು. ಇಡೀ ವಾದ್ಯವೃಂದವನ್ನು ಎರಡು ಕೈಗಳಲ್ಲಿ ಹಿಡಿಯುವುದು ಸುಲಭವೇ? ಪಿಟೀಲುಗಳ ನೀಳಸ್ವರ ಪಿಯಾನೋದಲ್ಲಿ ಮೂಡಿದ ಕ್ಷಣದಿಂದಲೇ ಕರಗತೊಡಗುತ್ತದೆ. ಆದರೂ ಬಾಂಬಿನ ಭಯಕ್ಕೆ ಬೆಳಕು ಮರೆಮಾಡಿದ ಮನೆಗಳಲ್ಲಿ ಜನ ಕಲಿತಷ್ಟು ನುಡಿಸಿದರು. ಆಗ ನಿಜವಾದ ವಾರ್ಸಾ ನಗರ ಹಿಟ್ಲರನ ಸೇನೆಯ ವಶದಲ್ಲಿತ್ತು.